ನಾಬೋತನ ತೋಟದ ಬೆಲೆ



ಅರಸ ಅಹಾಬನು ನಾಬೋತನಿಗೆ ಹೇಳಿದ ಬೆಲೆ ಮೋಸದ ಬೆಲೆಯೇನೂ ಆಗಿರಲಿಲ್ಲ. ಅರಸರ ಮೊದಲನೆಯ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯವನ್ನು ತೆರೆದು ನೋಡಿ. ಜೆಸ್ರೀಲಿನಲ್ಲಿ ಅರಮನೆಯ ಮಗ್ಗುಲಿಗೇ ನಾಬೋತನ ದ್ರಾಕ್ಷಿತೋಟವಿತ್ತು. ಅರಸನಿಗೆ ಕಾಯಿಪಲ್ಲೆ ಬೆಳೆಸಲು ಆ ಜಾಗ ಬೇಕಾಯಿತು. ಇದಕ್ಕೆ ಬದಲಾಗಿ ಇನ್ನೂ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ರೊಕ್ಕ ಎಣಿಸಿ ಕೊಡುತ್ತೇನೆ ಎಂದ. ಇವತ್ತಿನ ಯಾವ ಬ್ರೋಕರೂ ಇದಕ್ಕಿಂತ ಮರ್ಯಾದೆಯಾಗಿ ಮಾತನಾಡಲಾರ. ಆದರೂ ನಾಬೋತ ಒಪ್ಪಲಿಲ್ಲ. ಬೆಲೆ ಸಾಲದೆಂದು ಹೇಳಲಿಲ್ಲ, ಚೌಕಾಸಿಗೂ ಇಳಿಯಲಿಲ್ಲ. ಪಿತೃಗಳಿಂದ ಬಂದ ಆಸ್ತಿಯನ್ನು ಕೊಟ್ಟುಬಿಡುವುದು ಸರ್ವೇಶ್ವರನಿಗೆ ಸಮ್ಮತವಾದ ಕೆಲಸವಲ್ಲ ಎಂದಷ್ಟೇ ಹೇಳಿ ಸುಮ್ಮನಾದ.

ಮುಂದಿನದು ನಿಮಗೆ ಗೊತ್ತಿರುವ ಕತೆ. ಅರಸ ಮುಖ ಕೆಳಗೆ ಹಾಕಿಕೊಂಡು ಊಟ ಬಿಟ್ಟು ಮಲಗಿದ. ರಾಣಿ ಈಜೆಬೆಲಳು ಅರಸನ ಮುದ್ರೆ ಒತ್ತಿ ಪತ್ರ ಬರೆದಳು. ಇಬ್ಬರು ಸುಳ್ಳು ಸಾಕ್ಷಿಗಳು ಸಿಕ್ಕರು. ನಾಬೋತ ಕಲ್ಲೇಟು ತಿಂದು ಸತ್ತ. ಎರಡು ವರ್ಷಕ್ಕೊಮ್ಮೆ ವಾರದ ದಿನದ ಬಲಿಪೂಜೆಯಲ್ಲಿ ಈ ವಾಚನ ಬರುತ್ತದೆ. ಆಗ ಗುರುಗಳಾದ ನಾವು ಸಾಮಾನ್ಯವಾಗಿ ಈಜೆಬೆಲಳ ದುಷ್ಟತನದ ಮೇಲೆ, ಪ್ರವಾದಿ ಎಲೀಯನ ಧೈರ್ಯದ ಮೇಲೆ ಪ್ರಬೋಧನೆ ಮಾಡಿ ಮುಗಿಸುತ್ತೇವೆ. ಅರಸನಿಗೂ ರೈತನಿಗೂ ನಡೆದ ಆ ಮೊದಲ ಮಾತುಕತೆ, ಇನ್ನೂ ಯಾರ ರಕ್ತವೂ ಹರಿಯದಿದ್ದಾಗಿನ ಮಾತುಕತೆ, ಹಾಗೆಯೇ ಜಾರಿಹೋಗುತ್ತದೆ. ನಮ್ಮ ಕಾಲಕ್ಕೆ ಹತ್ತಿರವಾದದ್ದು ಅದೇ. ನಮ್ಮಲ್ಲಿ ತೋಟಕ್ಕಾಗಿ ಯಾರೂ ಯಾರಿಗೂ ಕಲ್ಲು ಹೊಡೆಯಬೇಕಾಗಿಲ್ಲ. ಒಳ್ಳೆಯ ಬೆಲೆ ಹೇಳಿದರೆ ಸಾಕು.

ಈ ಮಾತನ್ನು ನಾನು ಹಿರಿಯೂರು ಸೀಮೆಯಲ್ಲಿ, ಬಬ್ಬೂರಿನ ಆಸುಪಾಸಿನ ತೆಂಗಿನ ತೋಟಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಇದು ಮಳೆಯನ್ನೊಂದೇ ನೆಚ್ಚಿ ಬದುಕುವ ಸೀಮೆಯಲ್ಲ. ಇಲ್ಲಿ ಕಣ್ಣಿಗೆ ಕಾಣುವ ಹಸಿರಿನ ಬಹುಪಾಲು ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಋಣ. ಜನ ಅದನ್ನು ಮಾರಿಕಣಿವೆ ಎಂದೇ ಕರೆಯುತ್ತಾರೆ. 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ಈ ಅಣೆಕಟ್ಟೆಗೆ, ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನಿಟ್ಟರು. ಸುಮಾರು 30 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರ ಎಡದಂಡೆ, ಬಲದಂಡೆ ಕಾಲುವೆಗಳ ನೀರು ಕುಡಿದು ನಾಲ್ಕು ತಲೆಮಾರಿನ ತೆಂಗು, ಅಡಿಕೆ, ಭತ್ತ, ಕಬ್ಬು ಬೆಳೆದಿವೆ. ಬಬ್ಬೂರು ಫಾರಂ ಎಂದು ಹೆಸರಾದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇಲ್ಲಿರುವುದು ಕೂಡ ಈ ಮಣ್ಣು, ಈ ನೀರಿನ ದೆಸೆಯಿಂದಲೇ.

1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ಅದಕ್ಕೆ ಮುಂಚೆ, 2010ರ ದಶಕದ ಬರದಲ್ಲಿ, ಕಟ್ಟೆ ತಳ ಕಂಡಾಗ ಐವತ್ತು ಅರವತ್ತು ವರ್ಷದ ತೆಂಗಿನ ಮರಗಳು ಸುಳಿ ಒಣಗಿ ಕಂಬಗಳಂತೆ ನಿಂತದ್ದನ್ನು ಕಂಡವರು ಮರೆಯಲಾರರು. ಬೋರ್‌ವೆಲ್ ಕೊರೆಸಿ, ಟ್ಯಾಂಕರಿನಲ್ಲಿ ನೀರು ತರಿಸಿ, ಸಾಲ ಮಾಡಿ ತೋಟ ಉಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಈಗ ಕಟ್ಟೆಯಲ್ಲಿ ನೀರಿದೆ. ಆದರೆ ನೀರಿನ ಹಿಂದೆಯೇ ಬೆಲೆಯೂ ಬಂದಿದೆ. ಬೆಂಗಳೂರು–ಪುಣೆ ಹೆದ್ದಾರಿಗೆ ಬಳ್ಳಾರಿ ಕಡೆಯ ಹೆದ್ದಾರಿ ಬಂದು ಕೂಡುವ ಊರು ನಮ್ಮದು. ಹೊಲದ ಬದುವಿನ ಮೇಲೆ ಕಾರು ನಿಲ್ಲಿಸಿ, ಮರಗಳನ್ನು ನೋಡದೆ ರಸ್ತೆಗೆ ಎಷ್ಟು ಅಡಿ ಮುಖವಿದೆ ಎಂದು ಅಳೆಯುವವರನ್ನು ನೀವೂ ಕಂಡಿರುತ್ತೀರಿ. ಎಕರೆಗೆ ಐವತ್ತು ಅರವತ್ತು ತೆಂಗು ನಿಂತ ಜಾಗದಲ್ಲಿ ರಸ್ತೆ ಬಿಟ್ಟು ಮೂವತ್ತು ನಲವತ್ತರ ಸೈಟುಗಳು ಇಪ್ಪತ್ತು ಬರುತ್ತವೆ. ಲೆಕ್ಕ ಹಾಕಲು ಯಾರಿಗೂ ಬಹಳ ಹೊತ್ತು ಬೇಕಾಗುವುದಿಲ್ಲ.

ಹಾಗಾದರೆ ನಾಬೋತ ಈ ಲೆಕ್ಕವನ್ನು ಏಕೆ ಹಾಕಲಿಲ್ಲ?

ಉತ್ತರ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಲ್ಲಿದೆ. 2025ರಲ್ಲಿ ನಾವೆಲ್ಲ ಧರ್ಮಸಭೆಯ ಜುಬಿಲಿ ವರ್ಷವನ್ನು ಆಚರಿಸಿದೆವು, ಯಾತ್ರೆಗಳಿಗೆ ಹೋದೆವು, ಪವಿತ್ರ ದ್ವಾರದ ವಿಚಾರ ಕೇಳಿದೆವು. ಆದರೆ ಬೈಬಲಿನ ಮೂಲ ಜುಬಿಲಿ ವಿಧಿಯಲ್ಲಿ ಬಹುಪಾಲು ಮಾತು ಹೊಲದ ಮಾತೇ. ಐವತ್ತನೆಯ ವರ್ಷದಲ್ಲಿ ಮಾರಿದ ಭೂಮಿ ಮೊದಲಿನ ಕುಟುಂಬಕ್ಕೆ ಹಿಂತಿರುಗಬೇಕು. ಭೂಮಿ ಸರ್ವೇಶ್ವರನದು, ಅದರ ಮೇಲಿರುವ ನಾವು ಒಕ್ಕಲುಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಬೆಲೆ ಕಟ್ಟುವ ರೀತಿಯನ್ನೂ ಅಲ್ಲಿ ಹೇಳಿದೆ. ಮುಂದಿನ ಜುಬಿಲಿಗೆ ಇನ್ನೆಷ್ಟು ಬೆಳೆ ತೆಗೆಯಬಹುದೋ ಅಷ್ಟಕ್ಕೆ ತಕ್ಕ ಬೆಲೆ. ಅಂದರೆ ಮಾರುವವನು ಮಾರುತ್ತಿದ್ದದ್ದು ಬೆಳೆಗಳನ್ನು. ಮಣ್ಣು ಮಾರಾಟದ ಲೆಕ್ಕಕ್ಕೇ ಸೇರುತ್ತಿರಲಿಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಕೋಟೆಯೊಳಗಿನ ಪಟ್ಟಣದ ಮನೆಯನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಖಾಯಂ. ಕೋಟೆ ಇಲ್ಲದ ಹಳ್ಳಿಯ ಮನೆಗಳನ್ನು ಮಾತ್ರ ಹೊಲದ ಲೆಕ್ಕಕ್ಕೇ ಸೇರಿಸಬೇಕು. ಪಟ್ಟಣದ ಆಸ್ತಿ ಬೇರೆ, ಉಳುವ ಭೂಮಿ ಬೇರೆ ಎಂಬ ತಿಳಿವಳಿಕೆ ಪವಿತ್ರ ಗ್ರಂಥಕ್ಕಿತ್ತು. ಪಟ್ಟಣ ಬೆಳೆಯಬಾರದೆಂದು ಅದು ಹೇಳಲಿಲ್ಲ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಾಸ್ ಅಕ್ವಿನಾಸರ ಒಂದು ಭೇದವನ್ನು ನಾವು ಉರು ಹೊಡೆದಿದ್ದೆವು. ಸ್ವತ್ತನ್ನು ಗಳಿಸುವ, ನಿರ್ವಹಿಸುವ ಅಧಿಕಾರ ಮನುಷ್ಯನಿಗೆ ಸ್ವಂತದ್ದು. ಅದರ ಉಪಯೋಗದಲ್ಲಿ ಮಾತ್ರ ಅದನ್ನು ಎಲ್ಲರದೆಂಬಂತೆ ಹಿಡಿದಿರಬೇಕು ಎಂದು ಅವರು ಕಲಿಸಿದರು. ಪರೀಕ್ಷೆಯಲ್ಲಿ ಬರೆದು ಮರೆತುಬಿಡುವ ಮಾತಿನಂತೆ ಇದು ಕಾಣುತ್ತದೆ. ಆದರೆ 1979ರಲ್ಲಿ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಇದನ್ನೇ ರೈತನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು. ಪ್ರತಿಯೊಂದು ಖಾಸಗಿ ಆಸ್ತಿಯ ಮೇಲೂ ಸಮಾಜದ ಅಡಮಾನವೊಂದಿದೆ ಎಂದರು. ಪಹಣಿಯ ಹನ್ನೊಂದನೆಯ ಕಾಲಮ್ಮಿನಲ್ಲಿ ಬ್ಯಾಂಕಿನ ಋಣ ನಮೂದಾಗುತ್ತದೆ. ಈ ಋಣ ಯಾವ ಕಾಲಮ್ಮಿನಲ್ಲೂ ನಮೂದಾಗುವುದಿಲ್ಲ. ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ಬೋಧನೆಯನ್ನು ಮತ್ತೆ ನೆನಪಿಸಿ, ಮುಂದಿನ ಪೀಳಿಗೆಯವರನ್ನೂ ಋಣ ಸಲ್ಲಬೇಕಾದವರ ಪಟ್ಟಿಗೆ ಸೇರಿಸಿದರು.

ಈ ಋಣವನ್ನು ಕಾಗದಕ್ಕೆ ಇಳಿಸುವ ಒಂದು ಉಪಾಯವನ್ನು ಅಮೆರಿಕದವರು ಕಂಡುಕೊಂಡಿದ್ದಾರೆ. ಅದರ ಒಳಗನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ನಮ್ಮ ಹಳ್ಳಿಗಳಲ್ಲಿ ಅನುಭೋಗದ ಹಕ್ಕು ಯಾರಿಗೂ ಹೊಸದಲ್ಲ. ನಿಮ್ಮ ಹೊಲ ನಿಮ್ಮದೇ, ಆದರೆ ಅದರ ಅಂಚಿನಲ್ಲಿ ಹಿಂದಿನ ಹೊಲದವನ ಬಂಡಿ ಹಾದುಹೋಗಬೇಕು. ನಿಮ್ಮ ಗದ್ದೆಯ ಮೂಲಕ ಅವನ ಗದ್ದೆಗೆ ನೀರು ಹರಿಯಬೇಕು. 1882ರ ಅನುಭೋಗ ಹಕ್ಕುಗಳ ಕಾಯಿದೆ ಇದನ್ನು ರಕ್ಷಿಸುತ್ತದೆ. ಜಮೀನು ಮಾರಿದರೂ ಆ ದಾರಿ, ಆ ನೀರು ಮುಂದಿನ ಮಾಲೀಕನಿಗೆ ಅಂಟಿಕೊಂಡೇ ಹೋಗುತ್ತವೆ. ಒಡೆತನವೆಂಬುದು ಒಂದೇ ಗಟ್ಟಿ ಬಂಡೆಯಲ್ಲ, ಹಲವು ಹಕ್ಕುಗಳ ಕಟ್ಟು. ಕಟ್ಟಿನಿಂದ ಒಂದು ಕಡ್ಡಿಯನ್ನು ತೆಗೆದು ಬೇರೆಯವರ ಕೈಗೆ ಕೊಡಬಹುದು. ಅಮೆರಿಕದಲ್ಲಿ ರೈತನು ಹಾಗೆ ತೆಗೆದುಕೊಡುವುದು ಜಮೀನನ್ನು ಕಟ್ಟಡಗಳಿಗಾಗಿ ತುಂಡು ಮಾಡುವ ಹಕ್ಕಿನ ಕಡ್ಡಿಯನ್ನು. ಉಳಿದದ್ದೆಲ್ಲ ಅವನದೇ. ಉಳಬಹುದು, ಅಡವಿಡಬಹುದು, ಮಾರಬಹುದು, ಮಕ್ಕಳಿಗೆ ಬರೆದುಕೊಡಬಹುದು. ಆದರೆ ಆ ಒಂದು ಹಕ್ಕು ಇನ್ನು ಅವನಿಗೂ ಇಲ್ಲ, ಅವನಿಂದ ಕೊಂಡವನಿಗೂ ಇಲ್ಲ, ಕೊಂಡವನ ಮಕ್ಕಳಿಗೂ ಇಲ್ಲ. ಒಂದು ಟ್ರಸ್ಟು ಅಥವಾ ಸರ್ಕಾರಿ ಸಂಸ್ಥೆ ಆ ಪತ್ರವನ್ನು ಹಿಡಿದಿಟ್ಟುಕೊಂಡು, ಆಗಾಗ ಬಂದು ಜಮೀನನ್ನು ನೋಡಿಕೊಂಡು ಹೋಗುತ್ತದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಕ್ಕದಲ್ಲೇ, ಹೈನುಗಾರಿಕೆ ಕುಟುಂಬದ ಎಲೆನ್ ಸ್ಟ್ರಾಸ್ ಮತ್ತು ಜೀವಶಾಸ್ತ್ರಜ್ಞೆ ಫಿಲಿಸ್ ಫೇಬರ್ ಎಂಬ ಇಬ್ಬರು ಮಹಿಳೆಯರು ಕೃಷಿಭೂಮಿಗೆಂದೇ ಇಂಥ ಟ್ರಸ್ಟನ್ನು ಕಟ್ಟಿದರು. ಆ ದೇಶದಲ್ಲಿ ಕೃಷಿಭೂಮಿಯ ಟ್ರಸ್ಟುಗಳಲ್ಲಿ ಅದೇ ಮೊದಲನೆಯದು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡ ಅಂಶ ಇನ್ನೊಂದು. ಆ ಕಡ್ಡಿಯನ್ನು ರೈತನು ಬಿಟ್ಟಿಯಾಗಿಯೇ ಕೊಡಬೇಕೆಂದಿಲ್ಲ. ಉದಾಹರಣೆಗೆ ಎಕರೆಯೊಂದು ಸೈಟುಗಳಾದರೆ 80 ಲಕ್ಷ, ತೋಟವಾಗಿಯೇ ಉಳಿದರೆ 30 ಲಕ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ನಡುವಿನ 50 ಲಕ್ಷವೇ ಅವನು ಬಿಟ್ಟುಕೊಡುವ ಹಕ್ಕಿನ ಬೆಲೆ. ಅದನ್ನು ಸರ್ಕಾರವೋ ಟ್ರಸ್ಟೋ ಕೊಡುತ್ತದೆ. ದಾನವಾಗಿ ಕೊಟ್ಟವನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ರೈತ ಆ ಹಣದಲ್ಲಿ ಸಾಲ ತೀರಿಸಿ, ಮಗಳ ಪಾಲು ಕೊಟ್ಟು, ಮಗನ ಕೈಗೆ ತೋಟವನ್ನು ಒಪ್ಪಿಸಬಹುದು. ಅಲ್ಲಿಯೂ ಶ್ರೀಮಂತರು ಈ ರಿಯಾಯಿತಿಯನ್ನು ತೆರಿಗೆ ತಪ್ಪಿಸಲು ಬಳಸಿಕೊಂಡದ್ದುಂಟು. ಅದೇನೂ ಆಶ್ಚರ್ಯದ ಸಂಗತಿಯಲ್ಲ. ಈಜೆಬೆಲಳೂ ಕಾನೂನಿನ ಪ್ರಕಾರವೇ, ಮುದ್ರೆ ಒತ್ತಿ, ಸಾಕ್ಷಿ ಕರೆಸಿ ಕೆಲಸ ಮಾಡಿದವಳು.

ನಮ್ಮ ದೇಶದಲ್ಲಿ ಇಂಥ ಪತ್ರಕ್ಕೆಂದೇ ಮಾಡಿದ ಕಾನೂನಿಲ್ಲ. ಆದರೆ ಈ ಯೋಚನೆ ನಮಗೆ ಪರಕೀಯವೆಂದು ಮಾತ್ರ ಹೇಳಬೇಡಿ. ಕನ್ನಡ ನಾಡಿನ ಯಾವ ಹಳೆಯ ಊರಿಗೆ ಹೋದರೂ ದತ್ತಿಯ ಶಾಸನಕಲ್ಲೊಂದು ಸಿಗುತ್ತದೆ. ಕೆರೆಯ ಹೂಳು ತೆಗೆಯಲು, ಏರಿಯನ್ನು ಭದ್ರವಾಗಿಡಲು ಬಿತ್ತುವಟ್ಟವೆಂದು, ಕಟ್ಟುಕೊಡಗೆಯೆಂದು ಭೂಮಿಯನ್ನೋ ಅದರ ಹುಟ್ಟುವಳಿಯ ಪಾಲನ್ನೋ ಬಿಡುತ್ತಿದ್ದರು. ಉತ್ತು ಉಣ್ಣುವವನು ಯಾರೇ ಆಗಿರಲಿ, ಆ ಭೂಮಿಯ ಮೇಲೆ ಕೆರೆಯ ಋಣವೊಂದು ಕೂತಿರುತ್ತಿತ್ತು. ಎಲ್ಲಿಯವರೆಗೆ? ಆಚಂದ್ರಾರ್ಕ, ಚಂದ್ರ ಸೂರ್ಯರು ಇರುವತನಕ. ಕಲ್ಲಿನ ನೆತ್ತಿಯ ಮೇಲೆ ಆ ಚಂದ್ರ ಸೂರ್ಯರನ್ನು ಕೆತ್ತಿಯೂ ಇಡುತ್ತಿದ್ದರು, ಓದುಬಾರದವನಿಗೂ ತಿಳಿಯಲಿ ಎಂದು. ಕೊನೆಯಲ್ಲಿ, ಇದನ್ನು ಅಳಿದವನಿಗೆ ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವ ಶಾಪ. ನಮ್ಮ ಧರ್ಮಬೋಧೆಯಲ್ಲಿ ಪುನರ್ಜನ್ಮದ ಶಾಪಕ್ಕೆ ಸ್ಥಳವಿಲ್ಲ, ನಿಜ. ಆದರೆ ಆ ಕಲ್ಲನ್ನು ಕೆತ್ತಿಸಿದವರಿಗೆ ಮನುಷ್ಯನ ಆಸೆ ಎಂಥದೆಂಬುದು ಚೆನ್ನಾಗಿ ಗೊತ್ತಿತ್ತು.

ಈಗಿನ ಕಾನೂನುಗಳ ವಿಚಾರಕ್ಕೆ ಬರೋಣ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯಿಂದ, ದೇವರಾಜ ಅರಸರ ಕಾಲದಲ್ಲಿ, ಉಳುವವನು ಒಡೆಯನಾದ. ಏಳನೆಯ ನಮೂನೆಯ ಅರ್ಜಿ ಹಾಕಿ, ನ್ಯಾಯಮಂಡಳಿಯ ಮುಂದೆ ನಿಂತು ಭೂಮಿ ಪಡೆದ ಎಷ್ಟೋ ಕ್ರೈಸ್ತ ಕುಟುಂಬಗಳೂ ಈ ರಾಜ್ಯದಲ್ಲಿವೆ. ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ಬೇಲಿಯೂ ಆ ಕಾಯಿದೆಯಲ್ಲಿತ್ತು. 2020ರ ತಿದ್ದುಪಡಿ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿ ಆ ಬೇಲಿಯನ್ನು ಕಿತ್ತಿತು. ಬೇಲಿ ಇದ್ದಾಗಲೂ ಸುಳ್ಳು ಪ್ರಮಾಣಪತ್ರಗಳ ದಿಡ್ಡಿಬಾಗಿಲು ತೆರೆದೇ ಇತ್ತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ ನಮ್ಮ ಅಚ್ಚುಕಟ್ಟಿನವರು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಜಲಾಶಯದ ನೀರಾವರಿ ಇರುವ ‘ಎ’ ವರ್ಗದ ಜಮೀನನ್ನು ಕೊಂಡವರು ಕೃಷಿಗೇ ಬಳಸಬೇಕು ಎಂದು ಅಲ್ಲಿ ಹೇಳಿದೆ. ಇದು ಎಷ್ಟರಮಟ್ಟಿಗೆ ಉಳಿದೀತು ಎಂಬುದು ಕೇಳುವವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಕೇರಳದವರು 2008ರಲ್ಲಿ ಗದ್ದೆ ಮತ್ತು ಜೌಗುಭೂಮಿಗಳ ಸಂರಕ್ಷಣೆಗೆಂದೇ ಕಾಯಿದೆ ಮಾಡಿದರು. ತಮಿಳುನಾಡು 2020ರಲ್ಲಿ ಕಾವೇರಿಯ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿತು. ನಮ್ಮ ರಾಜ್ಯದಲ್ಲಿ ರೈತರು ಬೀದಿಗಿಳಿದೇ ಭೂಮಿ ಉಳಿಸಿಕೊಳ್ಳಬೇಕಾಯಿತು. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ನಿಂತರು, ಸರ್ಕಾರ ಹಿಂದೆ ಸರಿಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೋರಾಟವನ್ನು ನೀವೆಲ್ಲ ಬಲ್ಲಿರಿ. 13 ಹಳ್ಳಿಗಳ 1,777 ಎಕರೆಯನ್ನು ವಿಮಾನೋದ್ಯಮದ ಪಾರ್ಕಿಗಾಗಿ ಸ್ವಾಧೀನ ಮಾಡಿಕೊಳ್ಳಲು ಹೊರಟಾಗ ಅಲ್ಲಿಯ ಜನ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಆದರೆ ಅದೇ ದಿನ ಅವರು ಇನ್ನೊಂದು ಮಾತನ್ನೂ ಹೇಳಿದರು: ತಾವಾಗಿಯೇ ಕೊಡಲು ಬರುವ ರೈತರಿಂದ ಭೂಮಿಯನ್ನು ಕೊಳ್ಳಲಾಗುವುದು.

ಆ ಎರಡನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಬಲವಂತದ ಅರಸನನ್ನು ಎದುರಿಸಲು ಸಂಘಟನೆ ಸಾಕು. ನಾವಾಗಿಯೇ ಕೊಡಲು ಹೊರಟಾಗ ನಮ್ಮನ್ನು ತಡೆಯುವವರು ಯಾರು? ತಡೆಯಬೇಕಾದರೂ ಏಕೆ?

ಒಬ್ಬ ಹಿರಿಯ ರೈತರ ಬಳಿ ಈ ವಿಚಾರ ಎತ್ತಿದಾಗ ಅವರು ಕೊಟ್ಟ ಉತ್ತರವನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. “ಫಾದರ್, ನೀವು ಹೇಳೋದು ಸರಿ ಐತೆ. ಆದ್ರೆ ಊರಿಗೆಲ್ಲ ಅನ್ನ ಹಾಕೋ ಪುಣ್ಯ ನಾನೊಬ್ಬನೇ ಯಾಕೆ ಕಟ್ಕಬೇಕು? ಬೆಂಗ್ಳೂರಾಗೆ ಸೈಟ್ ಇಟ್ಕಂಡೋನು ಮಾರಿದ್ರೆ ಬುದ್ಧಿವಂತ, ಹೊಲ ಇಟ್ಕಂಡೋನು ಮಾರಿದ್ರೆ ಪಾಪಿನಾ?” ಅವರಿಗೆ ನಾಲ್ಕು ಎಕರೆ ತೋಟ. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ಕೊಲ್ಲಿ ದೇಶದಲ್ಲಿ, ಮಗಳು ನರ್ಸ್. ಬೋರ್‌ವೆಲ್ ಸಾಲ ಇನ್ನೂ ತೀರಿಲ್ಲ. ತೋಟವನ್ನು ಬೇರೆಯವರಿಗೆ ಗೇಣಿಗೆ ಕೊಡೋಣವೆಂದರೆ ನಮ್ಮ ಭೂಸುಧಾರಣಾ ಕಾಯಿದೆ ಗೇಣಿಯನ್ನೇ ನಿಷೇಧಿಸಿದೆ. ಬಾಯಿಮಾತಿನಲ್ಲಿ ಕೊಟ್ಟರೆ ಜಮೀನೇ ಕೈಬಿಟ್ಟೀತೆಂಬ ಭಯ. ದುಡಿಯಲು ಆಗದವನ ಮುಂದೆ ಉಳಿದಿರುವ ದಾರಿ ಎರಡೇ: ಬೀಳು ಬಿಡುವುದು, ಇಲ್ಲವೇ ಮಾರುವುದು.

ಅವರ ಪ್ರಶ್ನೆಗೆ ಬಲಿಪೀಠದ ಮೇಲಿನಿಂದ ಉತ್ತರ ಕೊಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮಗಳ ಮದುವೆಗಾಗಿ, ಹೆಂಡತಿಯ ಆಪರೇಷನ್ನಿಗಾಗಿ ಒಂದು ಎಕರೆ ಮಾರಿದ ಮನುಷ್ಯನು ಪಾಪನಿವೇದನೆಯಲ್ಲಿ ಅದನ್ನು ಹೇಳಬೇಕಾಗಿಲ್ಲ. ಪ್ರವಾದಿ ಯೆಶಾಯನು ಶಾಪ ಹಾಕಿದ್ದು ಮಾರಿದ ಬಡವನಿಗೆ ಅಲ್ಲ. ಮನೆಗೆ ಮನೆ, ಹೊಲಕ್ಕೆ ಹೊಲ ಕೂಡಿಸುತ್ತ ನಾಡಿನಲ್ಲಿ ತಾನೊಬ್ಬನೇ ಉಳಿಯುವತನಕ ಕೊಳ್ಳುತ್ತ ಹೋಗುವವನಿಗೆ. ಭೂಮಿ ಉಳಿಯುವುದರಿಂದ ಪಟ್ಟಣದವನಿಗೂ ಲಾಭವಿದ್ದರೆ, ಅಂತರ್ಜಲ, ಆಹಾರ, ತಂಪು ಗಾಳಿ ಎಲ್ಲರಿಗೂ ಸಲ್ಲುವುದಾದರೆ, ಅದರ ಖರ್ಚನ್ನು ರೈತನೊಬ್ಬನ ಹೆಗಲಿಗೆ ಹೊರಿಸುವುದು ಭಿಕ್ಷುಕನಿಂದ ದಾನ ಕೇಳಿದಂತೆ. ಕೇರಳದಲ್ಲಿ ಇದೇ ದೂರು ಬಂತು: ಗದ್ದೆಯನ್ನು ಗದ್ದೆಯಾಗಿಯೇ ಇಡು ಎನ್ನುತ್ತೀರಿ, ನಷ್ಟ ಮಾತ್ರ ನಮ್ಮದು. 2020ರಿಂದ ಅಲ್ಲಿನ ಸರ್ಕಾರ ಭತ್ತದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಗೌರವಧನ ಕೊಡಲು ಆರಂಭಿಸಿತು. ಮೊತ್ತ ತೀರ ಸಣ್ಣದು, ಒಂದು ಮೂಟೆ ಗೊಬ್ಬರದ ಆಚೆಗೆ ಹೆಚ್ಚು ದೂರ ಹೋಗದು. ಆದರೆ ಋಣವಿದೆ ಎಂದು ಒಪ್ಪಿಕೊಂಡಂತಾಯಿತು. ಅಮೆರಿಕದ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಕಾನೂನಿನ ಮಾತುಗಳಿಗಿಂತ ಹೆಚ್ಚಾಗಿ ಈ ನ್ಯಾಯವನ್ನು. ಸಮಾಜ ಒಂದು ಹಕ್ಕನ್ನು ಕೇಳುವುದಾದರೆ ಅದಕ್ಕೆ ಬೆಲೆ ಕೊಟ್ಟು ಕೇಳಬೇಕು, ಕೊಡುವವನು ಮನಸಾರೆ ಕೊಡಬೇಕು. ನಮ್ಮ ರಾಜ್ಯದಲ್ಲೂ ಇಂಥ ಕಾನೂನು ಬರಲಿ ಎಂದು ಕೇಳುವುದು ರೈತ ಸಂಘಗಳ ಕೆಲಸವಷ್ಟೇ ಅಲ್ಲ. ಪಟ್ಟಣದಲ್ಲಿ ಅಕ್ಕಿ ಕೊಂಡು ತಿನ್ನುವ ಕ್ರೈಸ್ತರ ಕೆಲಸವೂ ಹೌದು.

ಕಾನೂನು ಬರುವತನಕ ಏನು ಮಾಡುವುದು ಎಂದು ಕೇಳುತ್ತೀರಿ.

ಒಂದು ಸಂಗತಿ ನಮ್ಮ ಕುಟುಂಬಗಳಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರಲ್ಲಿ ಹುಟ್ಟಿನಿಂದಲೇ ಬರುವ ಪಿತ್ರಾರ್ಜಿತ ಪಾಲೆಂಬುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ. ಉಯಿಲು ಬರೆದರೆ ಅವರ ಇಚ್ಛೆಯಂತೆ. ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕೆಟ್ಟ ಪದ್ಧತಿ ನಮ್ಮಲ್ಲಿಯೂ ನುಸುಳಿದೆ. ಭೂಮಿ ಉಳಿಸುವ ನೆಪದಲ್ಲಿ ಅದನ್ನು ಸಮರ್ಥಿಸುವವರ ಜೊತೆ ನಾನಿಲ್ಲ. ಆದರೆ ಎಷ್ಟೋ ತೋಟಗಳು ಸೈಟುಗಳಾಗುವುದು ದುರಾಸೆಯಿಂದ ಅಲ್ಲ, ತಂದೆ ಏನನ್ನೂ ಬರೆದಿಡದೆ ಹೋದದ್ದರಿಂದ. ಐದು ಪಾಲುಗಳಾದ ಮೂರು ಎಕರೆಯಲ್ಲಿ ಯಾರಿಗೂ ಬೇಸಾಯ ಹತ್ತುವುದಿಲ್ಲ. ಎಲ್ಲರೂ ಒಪ್ಪುವ ಒಂದೇ ವಿಷಯ ಮಾರಾಟ. ಬದಲಾಗಿ, ತಂದೆತಾಯಿ ಬದುಕಿರುವಾಗಲೇ ಎಲ್ಲ ಮಕ್ಕಳನ್ನೂ, ಹೆಣ್ಣುಮಕ್ಕಳನ್ನು ಮೊದಲು, ಕೂರಿಸಿಕೊಂಡು ಮಾತನಾಡಿದರೆ ಬೇರೆ ದಾರಿಗಳಿವೆ. ಉಳುವ ಮಗನಿಗೋ ಮಗಳಿಗೋ ಭೂಮಿ, ಉಳಿದವರಿಗೆ ತೋಟದ ಬೆಲೆಯ ಲೆಕ್ಕದಲ್ಲಿ ಕಂತುಕಂತಾಗಿ ಹಣ. ಸೈಟಿನ ಬೆಲೆಯ ಲೆಕ್ಕ ಹಿಡಿದರೆ ಉಳುವವನು ಜನ್ಮದಲ್ಲಿ ತೀರಿಸಲಾರ. ಅಲ್ಲಿ ಒಡಹುಟ್ಟಿದವರು ಏನನ್ನಾದರೂ ಬಿಟ್ಟುಕೊಡಲೇಬೇಕು. ಅಮೆರಿಕದ ರೈತ ಟ್ರಸ್ಟಿಗೆ ಬರೆದುಕೊಡುವ ಆ ಕಡ್ಡಿಯನ್ನು ಇಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ.

ಉಯಿಲಿನಲ್ಲಿ ಇದನ್ನು ಎಂದೆಂದಿಗೂ ಮಾರಬಾರದು ಎಂದು ಒಂದು ಸಾಲು ಬರೆದುಬಿಟ್ಟರೆ ಸಾಕೆಂದು ತಿಳಿಯಬೇಡಿ. ಸ್ವತ್ತನ್ನು ಪೂರ್ತಿಯಾಗಿ ಕೊಟ್ಟು, ಅದರ ಪರಭಾರೆಯನ್ನು ಪೂರ್ತಿಯಾಗಿ ತಡೆಯುವ ಷರತ್ತು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಪಕ್ಕದ ಜಮೀನಿನ ಹಿತಕ್ಕಾಗಿ ಹಾಕುವ ಕೆಲವು ನಿರ್ಬಂಧಗಳಿಗೆ ಸ್ವತ್ತು ವರ್ಗಾವಣೆ ಕಾಯಿದೆ ಅವಕಾಶ ಕೊಡುತ್ತದೆ. ಎರಡು ಮೂರು ಅಕ್ಕಪಕ್ಕದ ಕುಟುಂಬಗಳು ಒಟ್ಟಾಗಿ, ಅನುಭವವಿರುವ ವಕೀಲರನ್ನು ಕೇಳಿ, ತಮ್ಮ ತಮ್ಮ ಕಾಲುವೆ, ಬಂಡಿದಾರಿ, ಬದುಗಳನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ ನೋಂದಾಯಿಸಿಕೊಳ್ಳಬಹುದು. ನಡುವಿನ ಒಂದು ಜಮೀನು ಲೇಔಟ್ ಆದರೆ ಕೆಳಗಿನ ಹತ್ತು ಜಮೀನುಗಳ ಹೊಲಗಾಲುವೆ ಮುಚ್ಚಿಹೋಗುವುದನ್ನು ನಾವು ಕಾಣುತ್ತಿದ್ದೇವೆ. ಆಮೇಲೆ ಉಳಿದವರು ಮಾರುವುದು ಆಸೆಯಿಂದಲ್ಲ, ನೀರಿಲ್ಲದೆ. ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ, ಯಾವ ಸರ್ವೆ ನಂಬರಿಗೆ ಹಳದಿ ಬಣ್ಣ ಬಳಿದು ವಸತಿ ಪ್ರದೇಶವೆಂದು ತೋರಿಸಿದ್ದಾರೆ ಎಂದು ಹೋಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಆಕ್ಷೇಪಣೆ ಸಲ್ಲಿಸಲು ಕಾನೂನು ದಿನಗಳನ್ನು ಕೊಡುತ್ತದೆ. ಆ ದಿನಗಳು ಕಳೆದ ಮೇಲೆ ನಾವು ಗೊಣಗುತ್ತೇವೆ.

ಇಷ್ಟು ಹೇಳಿ ಧರ್ಮಸಭೆಯ ಸ್ವಂತ ಭೂಮಿಯ ವಿಚಾರ ಎತ್ತದೆ ಹೋದರೆ ಅದು ಫರಿಸಾಯರ ಬೋಧನೆಯಾದೀತು. ನಮ್ಮ ಧರ್ಮಕೇಂದ್ರಗಳಿಗೆ, ಮಠಗಳಿಗೆ, ಸಂಸ್ಥೆಗಳಿಗೆ ಹಿಂದಿನವರು ಕಷ್ಟಪಟ್ಟು ಕೊಂಡ, ಭಕ್ತರು ದಾನ ಕೊಟ್ಟ ಜಮೀನುಗಳಿವೆ. ಅವುಗಳ ಮೇಲೆ ಅಂಗಡಿ ಸಂಕೀರ್ಣದ, ಕಲ್ಯಾಣ ಮಂಟಪದ ನಕ್ಷೆಗಳು ನಮ್ಮ ಮೇಜುಗಳಿಗೂ ಬರುತ್ತವೆ. ಶಾಲೆ, ಆಸ್ಪತ್ರೆ ಬೇಕು. ಅದಕ್ಕೆ ಜಾಗವೂ ಬೇಕು. ಆದರೆ ನೀರಾವರಿ ಇರುವ ಒಂದು ತೋಟವನ್ನಾದರೂ ತೋಟವಾಗಿಯೇ ಇಡುತ್ತೇವೆ ಎಂದು ಧರ್ಮಕೇಂದ್ರದ ಪಾಲನಾ ಸಮಿತಿಯೊಂದು ನಿರ್ಣಯ ಬರೆದು ಧರ್ಮಾಧ್ಯಕ್ಷರಿಗೆ ಕಳಿಸಿದರೆ, ಆ ಹಾಳೆಗೆ ನನ್ನ ಪ್ರಬೋಧನೆಗಳಿಗಿಂತ ಹೆಚ್ಚು ತೂಕವಿರುತ್ತದೆ. ಪ್ರತಿ ದಿನದ ಬಲಿಪೂಜೆಯಲ್ಲಿ ನಾವು ಎತ್ತಿ ಅರ್ಪಿಸುವ ರೊಟ್ಟಿ ಗೋಧಿಯ ಹೊಲದಿಂದ, ದ್ರಾಕ್ಷಾರಸ ನಾಬೋತನದರಂಥ ತೋಟದಿಂದ ಬಂದದ್ದು. ರೈತರ ಪಾಲಕರಾದ ಸಂತ ಇಸಿದೋರರ ಹಬ್ಬ ಮೇ 15ಕ್ಕೆ ಬರುತ್ತದೆ. ಮ್ಯಾಡ್ರಿಡ್ ನಗರದ ಬಳಿ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದ ಆ ಸಂತನಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಹೊಲವೇ ಇರಲಿಲ್ಲ. ಆ ದಿನ ನಮ್ಮಲ್ಲಿ ಬೀಜ ಮತ್ತು ನೇಗಿಲಿನ ಆಶೀರ್ವಾದ ಮಾಡುವ ಕ್ರಮವನ್ನು ಎಲ್ಲ ಧರ್ಮಕೇಂದ್ರಗಳೂ ಹಿಡಿದರೆ ಚೆನ್ನ.

ಮೇ ತಿಂಗಳೆಂದರೆ ಬೆಂಗಳೂರು, ದುಬೈಗಳಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬರುವ ಕಾಲವೂ ಹೌದು. ಈ ಸಲ ಅವರು ಬಂದಾಗ ಕಬ್ಬಿಣದ ಪೆಟ್ಟಿಗೆಯಿಂದ ಪಹಣಿ, ಮ್ಯುಟೇಷನ್, ಹಳೆಯ ನಕಾಶೆಗಳನ್ನು ಹೊರತೆಗೆದು ಊಟದ ಮೇಜಿನ ಮೇಲೆ ಹರಡಿ. ಪ್ರವಾದಿ ಯೆರೆಮೀಯನೂ ಒಮ್ಮೆ ಇಂಥ ಪತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಜೆರುಸಲೇಮಿಗೆ ಬಾಬಿಲೋನಿನ ಸೈನ್ಯ ಮುತ್ತಿಗೆ ಹಾಕಿತ್ತು, ಅವನು ಸೆರೆಯಲ್ಲಿದ್ದ, ಅನಾತೋತಿನಲ್ಲಿದ್ದ ಆ ಹೊಲಕ್ಕೆ ಯಾವ ಬ್ರೋಕರೂ ಒಂದು ಕಾಸು ಕೊಡುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅವನು ಚಿಕ್ಕಪ್ಪನ ಮಗನಿಂದ ಆ ಹೊಲವನ್ನು ಹದಿನೇಳು ಬೆಳ್ಳಿ ನಾಣ್ಯ ತೂಗಿ ಕೊಂಡ. ಸಾಕ್ಷಿಗಳ ಸಹಿ ಹಾಕಿಸಿದ. ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದೆ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿಡಲು ಹೇಳಿದ.